ಸೋಮವಾರದ ಪೆಟ್ರೋಲು

ಪೆಟ್ರೋಲಿನ ವಾಸನೆ ನನಗೆ ಚಿಕ್ಕಂದಿನಿಂದಲೂ ಇಷ್ಟ. ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಹಾಗಿಲ್ಲ. ಮಲ್ಲಿಗೆ ಇಷ್ಟ, ಹೊಸ ಮಳೆಗೆ ನೆನೆದ ಮಣ್ಣಿನ ವಾಸನೆ ಇಷ್ಟ ಎಂದರೆ ರಸಿಕ ಎನ್ನುತ್ತಾರೆ. ಪೆಟ್ರೋಲು ಎಂದರೆ ಮುಖ ನೋಡುತ್ತಾರೆ. ಮೊನ್ನೆ ಸೋಮವಾರ ಬೆಳಿಗ್ಗೆ ಚಿತ್ರದುರ್ಗದ ಬಂಕೊಂದರ ಸಾಲಿನಲ್ಲಿ ಸ್ಕೂಟರು ಹಿಡಿದು ನಿಂತು ಆ ವಾಸನೆಯನ್ನು ಸೇವಿಸುತ್ತಿದ್ದೆ. ಈಗಿನ ದರದಲ್ಲಿ ಬಂಕಿನಲ್ಲಿ ಪುಕ್ಕಟೆ ಸಿಗುವುದು ಅದೊಂದೇ. ಅಷ್ಟರಲ್ಲಿ ಜೇಬಿನೊಳಗೆ ಫೋನು ಗುಂಯ್ ಎಂದಿತು. ಹಿರಿಯೂರಿನ ಸ್ನೇಹಿತರೊಬ್ಬರು ಸಂದೇಶ ಕಳಿಸಿದ್ದರು: ‘ಎಚ್ಚೆತ್ತುಕೊಳ್ಳಿ! ಬರುವ ಸೋಮವಾರ ಯಾರೂ ಪೆಟ್ರೋಲ್, ಡೀಸೆಲ್ ಹಾಕಿಸಬೇಡಿ. ಒಂದೇ ಒಂದು ದಿನ ಬಹಿಷ್ಕಾರ. ದರ ತಾನಾಗಿ ಇಳಿಯುತ್ತದೆ. ಹತ್ತು ಜನರಿಗೆ ಕಳಿಸಿ.’

ನಾನು ಯಾರಿಗೂ ಕಳಿಸಲಿಲ್ಲ. ಸೋಮವಾರ ಎಂಬುದನ್ನು ಓದಿ ಒಬ್ಬನೇ ನಕ್ಕೆ. ಹಿಂದಿನವನು ಹಾರ್ನ್ ಹೊಡೆದ. ನಾನು ಅಂದು ಹೇಗೂ ಹೊಳಲ್ಕೆರೆಗೆ ಅತ್ತೆಯನ್ನು ನೋಡಲು ಹೊರಟಿದ್ದೆ. ಅಲ್ಲಿ ಮುಟ್ಟುವಷ್ಟು ಪೆಟ್ರೋಲು ಇತ್ತು. ಅಲ್ಲಿಯ ತಿಪ್ಪೇಸ್ವಾಮಿಯವರ ಬಂಕಿನಲ್ಲೇ ಹಾಕಿಸಿದರಾಯಿತು ಎಂದು ಸಾಲು ಬಿಟ್ಟು ಹೊರಟೆ. ದಾರಿಯುದ್ದಕ್ಕೂ ನೆನಪಾದವನು ಅತ್ತೆಯ ಗಂಡ, ನನ್ನ ಸೋದರಮಾವ ಮರುಳಪ್ಪ. ಅವನು ತೀರಿಹೋಗಿ ಒಂದೆರಡು ವರ್ಷವಾಯಿತು. ಈ ಸಂದೇಶ ಊರೂರು ಸುತ್ತುವ ಎಷ್ಟೋ ಮುಂಚೆಯೇ ಹೊಳಲ್ಕೆರೆಯ ಪೇಟೆಯಲ್ಲಿ ಪೆಟ್ರೋಲಿಗೆ ಬಹಿಷ್ಕಾರ ಹಾಕಿಸಿದವನು ಅವನು.

ಮಾವನದು ಬೀಜ, ಗೊಬ್ಬರದ ಅಂಗಡಿ. ಅಂಗಡಿಯಲ್ಲಿ ಅವನು ಕೂರುತ್ತಿದ್ದುದಕ್ಕಿಂತ ತಿಪ್ಪೇಸ್ವಾಮಿಯವರ ಬಂಕಿನಲ್ಲಿ ಕೂರುತ್ತಿದ್ದುದೇ ಹೆಚ್ಚು. ಚಿಕ್ಕಜಾಜೂರಿನ ರಸ್ತೆಯಲ್ಲಿರುವ ಆ ಬಂಕಿನ ಪಕ್ಕ ಒಂದು ಬೇವಿನ ಮರ, ಅದರಡಿ ಒಂದು ಕಲ್ಲುಬೆಂಚು. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಮೇಷ್ಟರ ಏಟು ತಿಂದವರು. ಸಂಜೆ ಮಾವನ ಮೊಪೆಡ್ಡಿನ ಸದ್ದು ಕೇಳಿದರೆ ಸಾಕು, ತಿಪ್ಪೇಸ್ವಾಮಿ ತಿರುಗಿಯೂ ನೋಡದೆ ರಸ್ತೆಯಾಚೆಯ ಹೋಟೆಲಿನ ಕಡೆ ಕೂಗುತ್ತಿದ್ದರು: “ಎರಡು ಬರ್ಲಿ!” ಎರಡು ಟೀ ಬರುತ್ತಿತ್ತು. ಆಮೇಲೆ ಕತ್ತಲಾಗುವವರೆಗೆ ಮಾತು. ಅದರಲ್ಲಿ ಅರ್ಧ ಜಗಳ. ನಾನು ರಜೆಗೆ ಹೋದಾಗ ಮೂರನೆಯವನಾಗಿ ಕೂತರೂ “ಎರಡು ಬರ್ಲಿ” ಎಂಬುದು ಮೂರಾಗುತ್ತಿರಲಿಲ್ಲ. ನನ್ನ ಪಾಲಿನದನ್ನು ಮಾವ ತಟ್ಟೆಗೆ ಸುರಿದು ಕೊಡುತ್ತಿದ್ದ.

ಮಾವನ ಸೋಮವಾರದ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎಷ್ಟೇ ಹದ ಬಂದಿರಲಿ, ಬಿತ್ತನೆ ತಪ್ಪಿಹೋಗುವಂತಿರಲಿ, ಅಂದು ಎತ್ತಿಗೆ ಮೈತೊಳೆದು ವಿಭೂತಿ ಹಚ್ಚಿ ನೆರಳಿಗೆ ಕಟ್ಟುತ್ತಾರೆ. ಮಾವ ಎತ್ತು ಮಾರಿ ಎಷ್ಟೋ ಕಾಲವಾಗಿತ್ತು. ಎತ್ತಿದ್ದ ಕೊಟ್ಟಿಗೆಗೆ ಮೊಪೆಡ್ಡು ಬಂದಿತ್ತು, ಆದರೆ ಮಾವನ ಕೈಗೆ ಅಭ್ಯಾಸ ಬಿಟ್ಟಿರಲಿಲ್ಲ. ಸೋಮವಾರ ಬೆಳಿಗ್ಗೆ ಮೊಪೆಡ್ಡಿಗೆ ಮೈತೊಳೆದು, ಮುಂದಿನ ದೀಪದ ಮೇಲೆ ಮೂರು ಗೆರೆ ವಿಭೂತಿ ಎಳೆದು, ಗೋದಲಿಯ ಪಕ್ಕ ನಿಲ್ಲಿಸಿಬಿಡುತ್ತಿದ್ದ. ಹುಲ್ಲು ಹಾಕುವುದೊಂದು ಬಾಕಿ ಎಂದು ಅತ್ತೆ ಹಂಗಿಸುತ್ತಿದ್ದಳು. ಆ ದಿನ ಅವನು ಎಲ್ಲಿಗೇ ಆಗಲಿ ನಡೆದೇ ಹೋಗುತ್ತಿದ್ದ.

ಆ ವರ್ಷ ಪೆಟ್ರೋಲು ದಿನವೂ ಪೈಸೆ ಪೈಸೆಯಾಗಿ ಏರುತ್ತಿತ್ತು. ಬೆಂಚಿನ ಮೇಲೆ ಬೇರೆ ಮಾತೇ ಇರಲಿಲ್ಲ. ಒಂದು ಸಂಜೆ ಮಾವನಿಗೆ ಹೊಳೆಯಿತು: ನನ್ನ ಒಂದು ಗಾಡಿ ಸೋಮವಾರ ನಿಲ್ಲುವುದಾದರೆ ಊರ ಗಾಡಿಗಳೆಲ್ಲ ಯಾಕೆ ನಿಲ್ಲಬಾರದು?

“ವಾರಕ್ಕೊಂದಿನ ಯಾರೂ ಹಾಕ್ಸದಂಗೆ ಮಾಡಾಣ ಕಣಲೇ ತಿಪ್ಪ. ಆ ಎಣ್ಣೆನ ಅವ್ರು ಎಲ್ಲಿಟ್ಕಂತಾರೆ ನೋಡಾಣ,” ಎಂದ.

“ಎಲ್ಲಿಟ್ಕಂತಾರೆ ಅಂದ್ರೆ? ಎಲ್ಲೈತೋ ಅಲ್ಲೇ ಇರ್ತೈತೆ. ಅದೇನು ಹಾಲೇನಲೇ, ಸಂಜಿಗೆ ಒಡೆದೋಗಾಕೆ? ಸೋಮವಾರ ಹೋಗ್ದಿದ್ದು ಮಂಗಳವಾರ ಹೋಗ್ತೈತೆ.”

“ನೀನು ಬಂಕಿನೋನು, ಹಂಗೇ ಅಂತೀಯ.”

“ನಾನು ಕುರಿ ಕಾಯೋನ ಮಗ ಕಣಪ್ಪ. ನಿಮ್ಮ ಎತ್ತಿಗಾದ್ರೆ ಸೋಮವಾರ ಕಟ್ಟಿಹಾಕಿ ಮೇವು ಹಾಕ್ತೀರಿ. ನಮ್ಮಪ್ಪನ ಕುರಿಗೆ ಯಾವ ಸೋಮವಾರನೂ ರಜಾ ಇರ್ಲಿಲ್ಲ. ಕುರಿ ದಿನಾ ಮೇಯಾಕೆ ಹೋಗ್ಲೇಬೇಕು. ಈ ಗಾಡಿಗಳೆಲ್ಲ ಕುರಿ ಜಾತಿಯವು.”

ಮಾವ ತೀರ್ಪಿಗಾಗಿ ನನ್ನ ಕಡೆ ತಿರುಗಿದ. ಕಾಲೇಜಿನಲ್ಲಿ ಇತಿಹಾಸ ಹೇಳುವವನು ನಾನು. ಕೇಳಿದರೆ ಸುಮ್ಮನಿರಲು ಬರುವುದಿಲ್ಲ. ಪರದೇಶದ ಬಟ್ಟೆ ಸುಟ್ಟದ್ದು, ಜನ ಖಾದಿ ಉಟ್ಟದ್ದು ಎಲ್ಲವನ್ನೂ ತರಗತಿಯಲ್ಲಿ ಹೇಳುವಂತೆಯೇ ಹೇಳಿದೆ. ಮಾವನಿಗೆ ರೋಮಾಂಚನವಾಯಿತು. ಬಟ್ಟೆ ಬಿಟ್ಟವರ ಕೈಗೆ ಚರಕವಾದರೂ ಇತ್ತು, ಪೆಟ್ರೋಲು ಬಿಟ್ಟವನ ಕೈಗೆ ಏನಿದೆ ಎಂಬ ಪ್ರಶ್ನೆ ನನಗೆ ಹೊಳೆದದ್ದು ವಾಪಸು ದುರ್ಗದ ಬಸ್ಸಿನಲ್ಲಿ ಕೂತ ಮೇಲೆ. ಇತಿಹಾಸದವರಿಗೆ ಎಲ್ಲವೂ ಸ್ವಲ್ಪ ತಡವಾಗಿಯೇ ತಿಳಿಯುತ್ತದೆ.

ಜನ ಒಪ್ಪಿದರೇ ಎಂದು ಕೇಳುತ್ತೀರಿ. ಒಪ್ಪಿದರು! ಬಹಿಷ್ಕಾರ, ಹೋರಾಟ ಎಂದಿದ್ದರೆ ಪೇಟೆಯವರು ನಕ್ಕು ಸುಮ್ಮನಾಗುತ್ತಿದ್ದರು. ಮಾವ ಹಾಗೆ ಹೇಳಲಿಲ್ಲ. “ಸೋಮವಾರ ಬಸವಣ್ಣನ್ನ ಹೂಡ್ತೀರೇನ್ರೀ? ಇಲ್ಲ ತಾನೆ? ಗಾಡಿನೂ ಹೂಡಬ್ಯಾಡ್ರಿ,” ಎಂದ. ಇದಕ್ಕೆ ಎದುರಾಡುವುದು ಕಷ್ಟ. ದಿನಸಿಯವರು, ಅಡಿಕೆ ಮಂಡಿಯವರು, ಸೈಕಲ್ ಶಾಪಿನವರು, ಎಲ್ಲರೂ ಸೋಮವಾರ ಬಂಕಿಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟರು. ಕೊಟ್ಟ ಮಾತಿನಂತೆ ನಡೆದುಕೊಂಡರು ಕೂಡ. ಸೋಮವಾರ ಬಂಕಿನಲ್ಲಿ ನೊಣವೂ ಇರುತ್ತಿರಲಿಲ್ಲ.

ಆದರೆ ಭಾನುವಾರ ಸಂಜೆ? ನಾಳೆ ಹಾಕಿಸುವಂತಿಲ್ಲವಲ್ಲ ಎಂದು ಇಡೀ ಪೇಟೆ ಬಂಕಿನ ಮುಂದೆ ಜಾತ್ರೆಗೂಡುತ್ತಿತ್ತು. ಅರ್ಧ ಲೀಟರಿನ ಗಿರಾಕಿಗಳು ಟ್ಯಾಂಕು ತುಂಬಿಸುತ್ತಿದ್ದರು. ಮಾವ ಸಾಲಿನ ಪಕ್ಕ ನಿಂತು, “ನಾಳೆ ನಮ್ಮ ಬಹಿಷ್ಕಾರ, ಇವತ್ತೇ ಹಾಕ್ಸಿಕೊಳ್ರಿ, ಬರ್ರಿ ಬರ್ರಿ,” ಎಂದು ಕರೆಯುತ್ತಿದ್ದ. ಇದನ್ನು ಕೇಳಿದ ಅತ್ತೆ, “ಶಿವರಾತ್ರಿ ಉಪವಾಸ ಅಂತ ಹಿಂದಿನ ದಿನ ಹೊಟ್ಟೆ ಬಿರಿಯಂಗೆ ಉಂಡಂಗಾತು ನಿಮ್ಮದು,” ಎಂದಳು. ಅತ್ತೆಗೆ ರಾಜಕೀಯ ತಿಳಿಯದು ಎಂದು ಮಾವ ನನಗೆ ಮಾತ್ರ ಪಿಸುಗುಟ್ಟಿದ.

ಭಾನುವಾರದ ನೂಕುನುಗ್ಗಲು ನೋಡಿ ತಿಪ್ಪೇಸ್ವಾಮಿಯವರೂ ತಮ್ಮ ಪದ್ಧತಿ ಬದಲಿಸಿದರು. ಮೊದಲೆಲ್ಲ ನೆಲದಡಿಯ ಟ್ಯಾಂಕನ್ನು ಅರ್ಧಕ್ಕಿಂತ ಮೇಲೆ ತುಂಬಿಸಿದವರಲ್ಲ. ಈಗ ಶನಿವಾರವೇ ಲೋಡು ತರಿಸಿ ಬಾಯಿಮಟ್ಟ ತುಂಬಿಸಿಕೊಳ್ಳತೊಡಗಿದರು. “ನಿನ್ನ ಬಹಿಷ್ಕಾರದಿಂದ ನಂಗೆ ಯಾಪಾರ ಜಾಸ್ತಿ ಆಗೈತೆ ಕಣಲೇ,” ಎಂದು ರೇಗಿಸುತ್ತಿದ್ದರು. “ನಗು, ನಗು. ಇಳಿದಾಗ ಮಾತಾಡಾಣ,” ಎನ್ನುತ್ತಿದ್ದ ಮಾವ.

ಇಳಿಯಿತು. ಅದೇ ಆಶ್ಚರ್ಯ. ಒಂದು ಶನಿವಾರ ಸಂಜೆ ಟೀವಿಯಲ್ಲಿ ಹೇಳಿದರು, ಸರ್ಕಾರ ತೆರಿಗೆ ತಗ್ಗಿಸಿದೆ, ಬೆಳಗಾದರೆ ಪೆಟ್ರೋಲು ಅಗ್ಗ. ಪೈಸೆ ಪೈಸೆಯಾಗಿ ಹತ್ತಿದ್ದ ದರ ಒಂದೇ ಏಟಿಗೆ ರೂಪಾಯಿಗಟ್ಟಲೆ ಇಳಿದಿತ್ತು. ದೆಹಲಿಯವರಿಗೆ ಹೊಳಲ್ಕೆರೆಯ ಸೋಮವಾರದ ಸುದ್ದಿ ಮುಟ್ಟಿತ್ತೋ ಇಲ್ಲವೋ, ಮಾವನಿಗೆ ಮಾತ್ರ ಸಂದೇಹವೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಒಂದು ಪೊಟ್ಟಣ ಪೇಡೆ, ಒಂದು ಪೊಟ್ಟಣ ಮಿರ್ಚಿ ಕಟ್ಟಿಸಿಕೊಂಡು ನನ್ನನ್ನು ಹಿಂದೆ ಕೂರಿಸಿಕೊಂಡು ಬಂಕಿಗೆ ಹೊರಟ. ದಾರಿಯಲ್ಲಿ ಸಿಕ್ಕವರಿಗೆಲ್ಲ, “ಗೆದ್ವಿ ಕಣ್ರೀ!” ಎಂದು ಕೂಗಿದ.

ಬೆಂಚಿನ ಮೇಲೆ ತಿಪ್ಪೇಸ್ವಾಮಿ ಕೂತಿದ್ದರು. ಮೊಪೆಡ್ಡಿನ ಸದ್ದು ಕೇಳಿತು. ಅವರು ಕೂಗಲಿಲ್ಲ. ಹೋಟೆಲಿನವನು ತಾನಾಗಿ ಇಣುಕಿ ನೋಡಿ ಒಳಕ್ಕೆ ಹೋದ.

“ಬಾಯಿ ತೆಗಿಯಲೇ,” ಎಂದು ಮಾವ ಪೇಡೆ ಹಿಡಿದ. ತಿಪ್ಪೇಸ್ವಾಮಿ ಪೇಡೆಯನ್ನು ಕೈಗೆ ತೆಗೆದುಕೊಂಡು ಹಾಗೆಯೇ ಹಿಡಿದುಕೊಂಡರು.

“ನಿನ್ನೆ ಲೋಡು ಬಂದೈತೆ ಮರುಳ,” ಎಂದರು. “ಹಳೇ ರೇಟು ಕೊಟ್ಟು ತುಂಬಿಸ್ಕಂಡಿದ್ದು. ಇವತ್ತಿಂದ ಹೊಸ ರೇಟಿಗೆ ಮಾರಬೇಕು. ಟ್ಯಾಂಕಿನ ತಳಮಟ್ಟ ಲೀಟರಿಗಿಷ್ಟು ಅಂತ ನಂದೇ ಹೋಗ್ತೈತೆ.”

ಮಾವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನನಗೂ ಬೇಕಾಯಿತು. ಸರ್ಕಾರ ಸೋಲಲಿಲ್ಲ, ಕಂಪನಿ ಸೋಲಲಿಲ್ಲ. ನಮ್ಮ ಬಹಿಷ್ಕಾರ ಇಡೀ ದೇಶದಲ್ಲಿ ತಾಗಿದ್ದು ಈ ಬೆಂಚಿನ ಮೇಲೆ ಕೂತ ಒಬ್ಬನೇ ಮನುಷ್ಯನಿಗೆ. ಟ್ಯಾಂಕು ಎಂದಿನಂತೆ ಅರ್ಧವಿದ್ದಿದ್ದರೆ ನಷ್ಟವೂ ಅರ್ಧವಾಗುತ್ತಿತ್ತು. ಅದನ್ನು ಬಾಯಿಮಟ್ಟ ತುಂಬಿಸಿದ್ದು ಮಾವನ ಸೋಮವಾರ. “ಏರುವಾಗ ನಿಂಗೂ ಒಂದಿಷ್ಟು ಉಳಿದಿತ್ತಲ್ಲ,” ಎಂದೇನೋ ಮಾವ ಶುರು ಮಾಡಿದ. ಗೆಳೆಯನ ಮುಖ ನೋಡಿ ನಿಲ್ಲಿಸಿದ. ಮಿರ್ಚಿ ಆರಿಹೋಯಿತು. ಟೀ ಬರಲಿಲ್ಲ.

ಅಂದಿನಿಂದ ಮಾವ ಬಂಕಿಗೆ ಹೋಗಲಿಲ್ಲ. ಮುಖ ತೋರಿಸಲು ಸಂಕಟ. ಪೇಟೆಯವರು ಗೆದ್ದಾಯಿತಲ್ಲ ಎಂದು ಸೋಮವಾರವನ್ನು ಮರೆತೇಬಿಟ್ಟರು. ದರವೂ ತನ್ನಷ್ಟಕ್ಕೆ ತಾನು ಮತ್ತೆ ಮೇಲಕ್ಕೆ ಹೊರಟಿತು. ಸಂಜೆಯಾದರೆ ಮಾವ ಅಂಗಡಿಯಲ್ಲಿ ಗೊಬ್ಬರದ ಚೀಲಗಳ ನಡುವೆ ಕೂತು ನೊಣ ಹೊಡೆಯುತ್ತಿದ್ದ. ಮೊಪೆಡ್ಡಿಗೆ ಎಲ್ಲಿ ಹಾಕಿಸುತ್ತಾನೋ ಎಂದು ನೋಡಿದರೆ, ಹಾಕಿಸುತ್ತಲೇ ಇರಲಿಲ್ಲ. ಬೇರೆ ಬಂಕಿಗೆ ಹೋಗಲು ಮನಸ್ಸಿಲ್ಲ, ಆ ಬಂಕಿಗೆ ಹೋಗಲು ಮುಖವಿಲ್ಲ. ಗಾಡಿ ಕೊಟ್ಟಿಗೆಯಲ್ಲಿ ಒಣಗಿ ನಿಂತಿತು. ಅವನು ಹೀಗೆ ಕುಗ್ಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ನೋಡಿ ನನಗೆ ದುಃಖವಾಯಿತು.

ಮುಂದಿನ ರಜೆಯಲ್ಲಿ ನಾನು ಹೋಗಿದ್ದಾಗ ಒಂದು ಬೆಳಿಗ್ಗೆ ಮಾವ ಇದ್ದಕ್ಕಿದ್ದಂತೆ ಎದ್ದು, “ನಡಿ ಅಳಿಯ, ಹೋಗಾಣ. ಹಿಂದಿಂದ ತಳ್ಳು,” ಎಂದ. ಮೊಪೆಡ್ಡಿನ ದೀಪದ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ಅಂದು ಸೋಮವಾರ. ಮಾವ ಮುಂದೆ ಹಿಡಿದ, ನಾನು ಹಿಂದಿನಿಂದ ತಳ್ಳಿದೆ. ಇಡೀ ಪೇಟೆ ಅಂಗಡಿಯ ಬಾಗಿಲಿಗೆ ಬಂದು ನೋಡಿತು. ಎಲ್ಲರಿಗೂ ಸೋಮವಾರ ಹಾಕಿಸಬೇಡಿ ಎಂದವನು ಸೋಮವಾರ ಹಾಡುಹಗಲು ಗಾಡಿ ತಳ್ಳಿಕೊಂಡು ಬಂಕಿಗೆ ಹೊರಟಿದ್ದ. ತಪ್ಪಾಯಿತು ಎಂದು ಬಾಯಲ್ಲಿ ಹೇಳಲು ಅವನಿಗೆ ಬರುತ್ತಿರಲಿಲ್ಲ; ತನಗೆ ಬಂದ ರೀತಿಯಲ್ಲಿ ಹೇಳಲು ಹೊರಟಿದ್ದ ಎಂದು ನನಗೆ ಅರ್ಧ ದಾರಿಯಲ್ಲಿ ಹೊಳೆಯಿತು.

ತಿಪ್ಪೇಸ್ವಾಮಿ ಬೆಂಚಿನಿಂದ ಎದ್ದು ಬಂದರು. ಮೊಪೆಡ್ಡು ನೋಡಿದರು, ಅದರ ವಿಭೂತಿ ನೋಡಿದರು.

“ಏನಲೇ?”

“ಪೆಟ್ರೋಲ್ ಹಾಕು. ಟ್ಯಾಂಕು ತುಂಬ.”

“ಇವತ್ತು ಸೋಮವಾರ.”

“ಗೊತ್ತೈತೆ. ಹಾಕು.”

“ಹಾಕಲ್ಲ,” ಎಂದರು ತಿಪ್ಪೇಸ್ವಾಮಿ. “ನಿನ್ನ ವಾರ ಕೆಡಿಸಿ ನಾನೇನು ಉದ್ಧಾರ ಆಗಬೇಕಿಲ್ಲ. ನಾಳಿಕೆ ಬಾ.” ಆಮೇಲೆ ರಸ್ತೆಯ ಕಡೆ ತಿರುಗಿ, ಅಷ್ಟು ದಿನದ್ದನ್ನೆಲ್ಲ ಸೇರಿಸಿದಂತೆ ಗಟ್ಟಿಯಾಗಿ ಕೂಗಿದರು: “ಎರಡು ಬರ್ಲಿ!”

ಮಾವ ಬೆಂಚಿನ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡ. ಬೆವರು ಎಂದೇ ನಾನು ತಿಳಿದುಕೊಂಡೆ. ನನಗೆ ತಟ್ಟೆಯಲ್ಲಿ ಟೀ ಸಿಕ್ಕಿತು. ಹೋದಂತೆಯೇ ಗಾಡಿ ತಳ್ಳಿಕೊಂಡು ಮನೆಗೆ ಬಂದೆವು.

ಮೊನ್ನೆ ಇದನ್ನೆಲ್ಲ ನೆನೆಯುತ್ತ ಹೊಳಲ್ಕೆರೆ ಮುಟ್ಟುವ ಹೊತ್ತಿಗೆ ನನ್ನ ಸ್ಕೂಟರಿನ ಮುಳ್ಳು ಕೆಳಗೆ ಮಲಗಿತ್ತು. ಬೇವಿನ ಮರ ಇತ್ತು, ಬೆಂಚು ಇತ್ತು, ಬೆಂಚಿನ ಒಂದು ತುದಿಯಲ್ಲಿ ತಿಪ್ಪೇಸ್ವಾಮಿ ಇದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಇನ್ನೊಂದು ತುದಿ ಖಾಲಿ.

“ಏನಪ್ಪ ಅಳಿಯ, ಅತ್ತೇನ ನೋಡಾಕೆ ಬಂದ್ಯಾ?”

“ಹೂಂ ಮಾವ. ಹಂಗೇ ಪೆಟ್ರೋಲ್ ಹಾಕಿಸ್ಕಂಡು ಹೋಗಾಣ ಅಂತ.”

“ಇವತ್ತು ವಾರ ಯಾವ್ದು?”

ನಾನು ಅವರ ಮುಖ ನೋಡಿದೆ. ನಗುತ್ತಿರಲಿಲ್ಲ.

“ನಿಮ್ಮ ಮನೆಯೋರಿಗೆ ಸೋಮವಾರ ಹಾಕಲ್ಲಪ್ಪ. ನಾಳಿಕೆ ಬಾ.”

“ರಿಸರ್ವಿಗೆ ಬಂದೈತೆ ಮಾವ. ಮನೆಗೂ ಮುಟ್ಟಲ್ಲ.”

“ತಳ್ಕಂಡು ಹೋಗು. ನಿಂಗೇನು ಹೊಸದಾ?”

ನನ್ನ ಹಿಂದೆ ಬಂದ ಕಾರಿಗೆ ಪೆಟ್ರೋಲು ಬಿತ್ತು, ಅದರ ಹಿಂದಿನ ಟೆಂಪೋಗೂ ಬಿತ್ತು. ಕೊಳ್ಳುವವರೆಲ್ಲ ಎಂದೋ ಬಿಟ್ಟ ಬಹಿಷ್ಕಾರವನ್ನು ಮಾರುವವನೊಬ್ಬ ಇನ್ನೂ ನಡೆಸಿಕೊಂಡು ಬಂದಿದ್ದ. ಅದರಿಂದ ದರ ಇಳಿಯುತ್ತದೆಯೇ ಎಂದು ಕೇಳಿದರೆ, ಇಲ್ಲ, ಒಂದು ಪೈಸೆಯೂ ಇಳಿಯುವುದಿಲ್ಲ. ಹಿರಿಯೂರಿನ ಸ್ನೇಹಿತರಿಗೆ ಹಾಗೆಂದೇ ಉತ್ತರ ಬರೆಯೋಣ ಎಂದು ಫೋನು ತೆಗೆದೆ. ಅಷ್ಟರಲ್ಲಿ ತಿಪ್ಪೇಸ್ವಾಮಿ ಖಾಲಿ ತುದಿಯ ಮೇಲೆ ಬಿದ್ದಿದ್ದ ಬೇವಿನೆಲೆಗಳನ್ನು ಟವೆಲಿನಿಂದ ಕೊಡವಿದರು.

“ಕುಂತ್ಕ,” ಎಂದರು.

ನಾನು ಫೋನನ್ನು ಜೇಬಿಗೆ ಹಾಕಿ ಮಾವನ ಜಾಗದಲ್ಲಿ ಕೂತೆ. ಅವರು ರಸ್ತೆಯ ಕಡೆ ತಿರುಗಿ ಕೂಗಿದರು: “ಎರಡು ಬರ್ಲಿ!”