ಹಾಸಿಗೆ ಕೆದಕುವ ಇಲಿಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಣ್ಣಿನ ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಇಲಿಯಮ್ಮ ಕೈಗವಸು ಏರಿಸಿಕೊಂಡು ಒಂದೊಂದೇ ಪಂಜರದ ಮುಚ್ಚಳ ತೆಗೆಯುತ್ತಿದ್ದಾರೆ, ತಳದಲ್ಲಿ ಹಾಸಿದ ಮರದ ಹೊಟ್ಟನ್ನು ಬೆರಳಲ್ಲಿ ಜಾಲಾಡುತ್ತಿದ್ದಾರೆ. ನಿನ್ನೆ ಸಂಜೆಯಿಂದ ಈ ಇಲಿಗಳಿಗೆ ಉಪವಾಸ, ನೀರು ಮಾತ್ರ. ಮೂಲೆಯ ಪಂಜರದಲ್ಲಿ ಒಂದು ದುಂಡನೆಯ ಇಲಿ ಮೀಸೆ ತೀಡುತ್ತ ಕೂತಿದೆ.

"ಇವನ ಮುಖ ನೋಡಿ. ಹಸಿದವರು ಇಷ್ಟು ಆರಾಮಾಗಿ ಕೂತ್ಕೋತಾರಾ?" ಎಂದು ನೋಡಲು ಬಂದ ನನಗೆ ಹೇಳುತ್ತ ಅವರು ಹೊಟ್ಟಿಗೆ ಕೈ ಹಾಕುತ್ತಾರೆ. ಅಡಿಯಿಂದ ಎರಡು ತುಣುಕು ತಿಂಡಿ ಹೊರಬರುತ್ತದೆ. "ಕಳ್ಳ ನನ್ಮಗನೆ! ಮೊನ್ನೆಯೇ ಬಚ್ಚಿಟ್ಟಿದ್ದಾನೆ. ಇವತ್ತಿನ ಪರೀಕ್ಷೆಗೆ ಇವನು ಬೇಡ."

ಗಾಜಿನ ಸಾಮಾನು ತೊಳೆಯಲು ಕೆಲಸಕ್ಕೆ ಸೇರಿದಾಗ ಇಲಿ ಕಂಡರೆ ಕುರ್ಚಿ ಹತ್ತಿ ಕಿರುಚುತ್ತಿದ್ದವರು ಇವರು. ಈಗ ನೂರಿಪ್ಪತ್ತು ಪಂಜರಗಳ ಒಡತಿ, ಎಲ್ಲರ ಬಾಯಲ್ಲಿ ಇಲಿಯಮ್ಮ. ಮೊಸರಲ್ಲಿ ಕಲ್ಲು ಹುಡುಕುವ ಬುದ್ಧಿ ಹುಟ್ಟಿನಿಂದ ಬಂದದ್ದು, ಇಲ್ಲಿ ಅದಕ್ಕೆ ಸಂಬಳ ಸಿಗುತ್ತದೆ ಅಷ್ಟೆ.

ವಯಸ್ಸಾಗುತ್ತಿದ್ದಂತೆ ಈ ತಳಿಯ ಇಲಿಗಳ ಕಣ್ಣಿನೊಳಗೆ ಒತ್ತಡ ಏರುತ್ತದೆ. ಕಣ್ಣು ಕಂಡದ್ದನ್ನು ಮಿದುಳಿಗೆ ಮುಟ್ಟಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಮನುಷ್ಯರಿಗೆ ಬಂದರೆ ಅದೇ ಗ್ಲಾಕೋಮಾ. ನೋವಿಲ್ಲ, ಸದ್ದಿಲ್ಲ, ಮೊದಲು ಅಂಚಿನ ನೋಟ ಹೋಗುತ್ತದೆ, ಹೋದದ್ದು ವಾಪಸು ಬರುವುದಿಲ್ಲ. ಆದರೆ ಪ್ರತಿ ಜೀವಕೋಶಕ್ಕೂ ತನ್ನ ಮನೆಯನ್ನು ತಾನೇ ಗುಡಿಸಿಕೊಳ್ಳುವ ಅಭ್ಯಾಸವಿದೆ. ತನ್ನೊಳಗೆ ಹಳತಾಗಿ ಕೆಟ್ಟ ಭಾಗಗಳನ್ನು ತಾನೇ ಒಡೆದು ತಿಂದು, ಅದರಿಂದಲೇ ಹೊಸತನ್ನು ಕಟ್ಟಿಕೊಳ್ಳುತ್ತದೆ. ಹಸಿವಾದಾಗ ಈ ಕೆಲಸ ಚುರುಕಾಗುತ್ತದೆ. ಅದು ಸಾಯುವ ನರಕೋಶವನ್ನು ಉಳಿಸೀತೇ ಎಂಬುದೇ ಮೇಲಿನ ಮಹಡಿಯ ಡಾಕ್ಟರಮ್ಮನ ಪ್ರಶ್ನೆ.

"ಕೆಲವು ಸಲ ಉಳಿಸೋ ಹಾಗೆ ಕಾಣತ್ತೆ, ಕೆಲವು ಸಲ ಅದೇ ಮುಳುವಾಗೋ ಹಾಗೆ ಕಾಣತ್ತೆ. ನಮಗಿನ್ನೂ ಗೊತ್ತಿಲ್ಲ" ಎನ್ನುತ್ತಾರೆ ಡಾಕ್ಟರಮ್ಮ.

ಇಲಿಯಮ್ಮ ಒಂದು ರಾತ್ರಿ ಮನೆಯಲ್ಲಿ ಊಟದ ಹೊತ್ತಿಗೆ, ಉಪವಾಸ ಕಣ್ಣನ್ನು ಉಳಿಸುವ ಹಾಗೆ ಕಾಣುತ್ತದೆ ಎಂಬ ಮೊದಲರ್ಧವನ್ನು ಮಾತ್ರ ಹೇಳಿದರು. ಎದುರಿಗೆ ಕೂತಿದ್ದವರು ಅಕ್ಕ. ಹರಿದ ಬಟ್ಟೆ ಹೊಲಿದುಕೊಡುವ ಅಕ್ಕನಿಗೂ ಗ್ಲಾಕೋಮಾ. ಒತ್ತಡ ಇಳಿಸಲು ದಿನಾ ರಾತ್ರಿ ಕಣ್ಣಿಗೆ ಒಂದೊಂದು ಹನಿ ಬಿಟ್ಟುಕೊಳ್ಳಬೇಕು.

ಕೆಲವು ತಿಂಗಳಲ್ಲಿ ಅಕ್ಕನ ಕಣ್ಣು ತಿಳಿಯಾಯಿತು. ಹನಿ ಶುರುವಾದಾಗಿನಿಂದ ಸದಾ ಕೆಂಪಗಿರುತ್ತಿದ್ದ ಕಣ್ಣು ಬೆಳ್ಳಗೆ ಹೊಳೆಯತೊಡಗಿತು. ನೆರೆಯವರೆಲ್ಲ ಹೊಗಳಿದರು, ಹನಿ ಬೀಳುತ್ತಿದ್ದರೆ ಕೆಂಪು ಹೋದದ್ದು ಹೇಗೆ ಎಂದು ತಂಗಿ ಮಾತ್ರ ಲೆಕ್ಕ ಹಾಕಿದರು. ಜೊತೆಗೆ ರಾತ್ರಿಯಾದರೆ ಅಕ್ಕನದು ಒಂದೇ ರಾಗ: "ಹಸಿವಿಲ್ಲ ಕಣೇ."

ಅಕ್ಕ ಸ್ನಾನಕ್ಕೆ ಹೋದಾಗ ತಂಗಿ ಅವರ ಹಾಸಿಗೆ ಎತ್ತಿದರು. ಪಂಜರದಲ್ಲಿ ಹುಡುಕುವ ಹಾಗೆಯೇ ಅಂಚಿನಿಂದ ನಡುವಿನವರೆಗೆ ಕೈ ಆಡಿಸಿದರು. ಗೋಡೆಯ ಬದಿಗೆ, ಬಟ್ಟೆ ಸುತ್ತಿದ ಕಣ್ಣಿನ ಔಷಧಿಯ ಬಾಟಲಿಗಳು ಸಿಕ್ಕವು. ಒಂದರದ್ದೂ ಮುಚ್ಚಳ ಒಡೆದಿರಲಿಲ್ಲ.

ಅಕ್ಕ ಒದ್ದೆ ತಲೆಯಲ್ಲೇ ಜಗಳಕ್ಕೆ ನಿಂತರು. "ನಿಮ್ಮ ಇಲಿಗಾದ್ರೆ ಉಪವಾಸ, ನನಗಾದ್ರೆ ಉರಿಯೋ ಔಷಧಿ! ನನ್ನ ಕಣ್ಣೂ ತಾನೇ ಗುಡಿಸ್ಕೊಳ್ಳಲಿ ಅಂತ ಬಿಟ್ಟೆ. ಗುಟ್ಟು ನಿಮ್ಮ ಹತ್ರಾನೇ ಇಟ್ಕೊಂಡು ಊರಿಗೆಲ್ಲ ಹನಿ ಮಾರ್ತೀರಲ್ಲೇ?"

"ಆ ಇಲಿಗಳಲ್ಲೂ ಎಷ್ಟೋ ಕುರುಡಾಗ್ತವೆ ಅಕ್ಕಾ! ಅದನ್ನ ಯಾಕೆ ಕೇಳಲಿಲ್ಲ ನೀನು?"

"ನೀನು ಹೇಳಿದ್ರೆ ತಾನೆ ಕೇಳೋದು."

ತಂಗಿ ಮರುದಿನವೇ ಅಕ್ಕನನ್ನು ಕರೆದುಕೊಂಡು ಹೋದರು. ಆಸ್ಪತ್ರೆಯ ಪರೀಕ್ಷೆಯಲ್ಲಿ ಅಕ್ಕನ ಬಲಗಡೆಯ ಅಂಚಿನ ನೋಟ ಇನ್ನಷ್ಟು ಹೋಗಿರುವುದು ತಿಳಿಯಿತು. ಈಗ ಬಾಗಿಲು ದಾಟುವಾಗ ಅವರ ಬಲಭುಜ ಚೌಕಟ್ಟಿಗೆ ತಾಗುತ್ತದೆ. ಸೂಜಿಗೆ ದಾರ ಪೋಣಿಸುವಷ್ಟು ನಡುವಿನ ನೋಟ ಉಳಿದಿದೆ. ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವುದು ಅದನ್ನೇ.

ರಾತ್ರಿ ಮನೆಯಲ್ಲಿ ಔಷಧಿಯ ಬಾಟಲಿ ಊಟದ ಮೇಜಿನ ನಡುವೆಯೇ ನಿಂತಿದೆ. ತಂಗಿ ಅಕ್ಕನ ರೆಪ್ಪೆ ಬಿಡಿಸಿ ಹನಿ ಬಿಡುತ್ತಾರೆ. ಅಕ್ಕ ಮುಖ ಸಿಂಡರಿಸುತ್ತಾರೆ. "ನೀರು ಬೆರೆಸಿಲ್ಲ ತಾನೆ? ಇವತ್ತು ಉರೀನೇ ಇಲ್ಲ."

"ನೋಡಿ, ಈಗ ನನ್ನ ಮೇಲೇ ಅನುಮಾನ" ಎಂದು ಇಲಿಯಮ್ಮ ನಗುತ್ತಾರೆ. ಆಮೇಲೆ ದನಿ ತಗ್ಗಿಸುತ್ತಾರೆ. "ಮೇಲಿನ ಮಹಡಿಯವರು ಏನು ಕಂಡುಹಿಡೀತಾರೋ, ಯಾವಾಗ ಹಿಡೀತಾರೋ. ಅಲ್ಲೀವರೆಗೆ ಇವಳ ಸೂಜಿ ಇವಳಿಗೆ ಕಂಡ್ರೆ ಸಾಕು. ಒಂದು ದಿನ ಯಾರ ಹಾಸಿಗೇನೂ ಕೆದಕದೆ ಮಲಗಬೇಕು ಅಂತ ಆಸೆ ನನಗೆ."

ಅಕ್ಕ ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ತಂಗಿಯ ಸೆರಗು ಹಿಡಿಯುತ್ತಾರೆ. "ಇವತ್ತೂ ಕೆದಕಿಯೇ ಮಲಗು. ನನ್ನನ್ನ ನಂಬಬೇಡ."