ಆಚೆ ದಂಡೆಯಲ್ಲಿ ರುಮಾಲು ತೆಗೆದ ಮಾಮ

ಇವತ್ತು ಕಲಬುರಗಿ ಮಾರ್ಕೆಟ್ಟಿನಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ಬಂತು. ನಾನು ಹುಟ್ಟಿ ಬೆಳೆದ, ಕೃಷ್ಣಾ ಹೊಳೆಯ ನಡುಗಡ್ಡೆ ನೆನಪಾಯಿತು.

ಹೊಳೆ ತುಂಬಿದರೆ ತೆಪ್ಪ ನಿಲ್ಲುತ್ತಿತ್ತು. ನೀರಿನ ಸದ್ದಿನಲ್ಲಿ ಕೂಗಿದ್ದು ಕೇಳುತ್ತಿರಲಿಲ್ಲ. ಅದಕ್ಕೇ ಆಚೆ ದಂಡೆಗೆ ಸಾವಿನ ಸುದ್ದಿ ತಂದವರು ತಲೆಯ ರುಮಾಲು ತೆಗೆದು ನಿಲ್ಲುತ್ತಿದ್ದರು. ಈಚೆಯವರು ಅಲ್ಲೇ ಹೊಳೆಯಲ್ಲಿ ತಲೆಗೆ ನೀರು ಹಾಕಿಕೊಂಡು ಅಳುತ್ತಿದ್ದರು.

ಒಮ್ಮೆ ಅವ್ವನ ತಮ್ಮ, ಕಮಲಾಪುರದ ಮಾಮ, ಆಚೆ ದಂಡೆಗೆ ಬಂದ. ನಮ್ಮನ್ನು ಕಂಡವನೇ ರುಮಾಲು ತೆಗೆದ. ಅವನ ಊರಲ್ಲಿ ಅವ್ವನ ತಾಯಿ, ನಮ್ಮ ಅಜ್ಜಿ, ಹಾಸಿಗೆ ಹಿಡಿದಿದ್ದಳು. ಅವ್ವ ಅಲ್ಲೇ ಕುಸಿದು ಕೂತಳು. ನೀರು ಇಳಿಯುವತನಕ ಸೂತಕವೆಂದು ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ. ರೊಟ್ಟಿ ಬಡಿಯುವಾಗಲೂ ಅವ್ವನ ಕಣ್ಣು ಒದ್ದೆಯಾಗಿರುತ್ತಿತ್ತು.

ತೆಪ್ಪ ಮತ್ತೆ ಬಿಟ್ಟ ದಿನ ಮಾಮ ಬಾಳೆಗೊನೆ ಹೊತ್ತು ಬಂದ.

“ಅವ್ವ ಹ್ಯಾಂಗ ಹೋದಳೋ?” ಎಂದು ಅವ್ವ ಅತ್ತಳು.

“ಎಲ್ಲಿಗಿ? ಎದ್ದು ಅಡ್ಡಾಡಾಕತ್ತಾಳ. ಅದನ್ನ ಹೇಳಾಕೇ ಅವತ್ತ ಬಂದಿದ್ದೆ.”

“ಮತ್ತ ರುಮಾಲ ಯಾಕ ತಗದಿ?”

“ನಿನಗ ಕಾಣ್ಲಿ ಅಂತ ಬೀಸಾಕ, ಅಕ್ಕಾ! ಬೀಸೂದ್ರಾಗ ನೀನೇ ಕುಂತಬಿಟ್ಟಿ.”

“ಖೋಡಿ, ಬದುಕಿದ್ದಾಕಿನ್ನ ಕೊಂದಬಿಟ್ಟಿದ್ದೆಲ್ಲೋ!” ಎಂದು ಅವ್ವ ಅವನ ಬೆನ್ನಿಗೆ ಗುದ್ದಿದಳು. ಗುದ್ದುತ್ತಲೇ ನಕ್ಕಳು.

ಹೋದ ತಿಂಗಳು ಅವ್ವ ತೀರಿಕೊಂಡಳು. ನಾನೇ ಪಕ್ಕದಲ್ಲಿದ್ದೆ, ನಾನೇ ಬಾಯಿಗೆ ನೀರು ಬಿಟ್ಟೆ. ಆದರೂ ಬಾಗಿಲ ಸದ್ದಾದಾಗಲೆಲ್ಲ, ಯಾರೋ ಬಂದು ನಾನು ತಪ್ಪು ತಿಳಿದಿದ್ದೇನೆ ಎಂದು ಹೇಳುತ್ತಾರೆ ಅನಿಸುತ್ತದೆ.