ಬಲ ಸೊಂಟದಿಂದ ಎಡಕ್ಕೆ

ಇಟಲಿಯ ದಕ್ಷಿಣಕ್ಕಿರುವ ಬಸಿಲಿಕಾತಾ ಸೀಮೆಯ ನಮ್ಮ ಗುಡ್ಡದೂರಿನಲ್ಲಿ ಬ್ರೆಡ್ ಸುಡುವ ದೊನಾತಾ, ನನ್ನ ಪಕ್ಕದ ಮನೆಯವಳು, ಎರಡು ವರ್ಷದ ಕೂಸಾಗಿದ್ದಾಗ ಸಿನಿಮಾದಲ್ಲಿ ಕಾಣಿಸಿಕೊಂಡಿದ್ದಾಳೆ. ಅದೂ ತಪ್ಪಾಗಿ.

ಏಸುವಿನ ಕಥೆ ತೆಗೆಯಲು ರೋಮಿನವರು ಬಂದು ನಮ್ಮ ಹೆಂಗಸರಿಗೆಲ್ಲ ಶಾಲು ಹೊದಿಸಿ ಜೆರುಸಲೇಮಿನವರನ್ನಾಗಿ ಮಾಡಿದ್ದರು. ಶಿಲುಬೆ ಹೊತ್ತ ನಟ ಎಡವಿ ಬಿದ್ದ. ಗುಂಪಿನಲ್ಲಿದ್ದ ದೊನಾತಾಳ ತಾಯಿ ಇಂಕೊರೊನಾತಾ, ಬಲ ಸೊಂಟದ ಮೇಲಿದ್ದ ಮಗುವನ್ನು ಎಡಕ್ಕೆ ದಾಟಿಸಿ, ಬಲಗೈಯಿಂದ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡಳು. ಏಸು ಇನ್ನೂ ಸತ್ತೇ ಇಲ್ಲ, ಆಗಲೇ ಶಿಲುಬೆಯ ಗುರುತು! ನಮ್ಮವರ ಕೈ ಮಾತು ಕೇಳಬೇಕಲ್ಲ. ಚಿತ್ರ ಜೋಡಿಸುವಾಗ ದಾಟಿಸಿದ ಕ್ಷಣಕ್ಕೇ ಕತ್ತರಿ ಬಿದ್ದದ್ದರಿಂದ ತೆರೆಯ ಮೇಲೆ ಕೂಸು ಬಲದಿಂದ ಎಡಕ್ಕೆ ಹಾರಿಬಿಡುತ್ತದೆ.

ಚಿತ್ರ ದೊಡ್ಡ ಹೆಸರು ಮಾಡಿತು. ಮಾಡಲು ಬೇರೆ ಕೆಲಸವಿಲ್ಲದ ಮಹಾಶಯರು ಈ ಎರಡನ್ನೂ ಸಿನಿಮಾಗಳ ತಪ್ಪಿನ ಪಟ್ಟಿಗೆ ಸೇರಿಸಿದರು. ಪ್ರತಿ ಶುಭ ಶುಕ್ರವಾರ ಚರ್ಚಿನ ಸಭಾಂಗಣದಲ್ಲಿ ಆ ಚಿತ್ರ ತೋರಿಸಿದಾಗ "ದೊನಾತಾ ಹಾರಿದ್ಲು!" ಎಂದು ಊರೇ ನಗುತ್ತಿತ್ತು. ಅವಳೂ ನಗುತ್ತಿದ್ದಳು. ಇಂಕೊರೊನಾತಾ ಚಿತ್ರ ತೆಗೆದ ವರ್ಷದ ಚಳಿಗಾಲದಲ್ಲೇ ಜ್ವರ ಬಂದು ತೀರಿಕೊಂಡಿದ್ದಳು. ಒಂದು ಫೋಟೊ ಕೂಡ ಇಲ್ಲ. ಮಗಳಿಗೆ ಅವ್ವ ಸಿಗುವುದು ಆ ನಾಲ್ಕು ಸೆಕೆಂಡಿನಲ್ಲಿ ಮಾತ್ರ.

ಹೋದ ವರ್ಷ, ಹಳೆಯ ಚಿತ್ರವನ್ನು ಹೊಸದು ಮಾಡುವ ರುಜ್ಜೇರೊ ಎಂಬಾತ ನಮ್ಮ ಊರಿನ ಕಲ್ಲಿನ ಬಣ್ಣ ನೋಡಿಕೊಂಡು ಹೋಗಲು ಬಂದಿದ್ದ. ಬ್ರೆಡ್ ಕೊಳ್ಳುತ್ತಾ, "ಆ ಮಗು ಎತ್ಕೊಂಡಿರೋ ಹೆಂಗಸಿಂದೇ ತಲೆನೋವು. ಕಂಪ್ಯೂಟರಲ್ಲಿ ಅಳಿಸಿಬಿಡ್ತೀವಿ" ಎಂದ.

ದೊನಾತಾ ಒಲೆಯ ಸಲಿಕೆ ಕೆಳಗಿಟ್ಟಳು. "ಅವಳು ನಮ್ಮವ್ವ ಕಣಪ್ಪಾ. ಸೊಂಟದ ಮೇಲಿರೋ ಕೂಸು ನಾನು. ಅಳಿಸಿದ್ರೆ ಅವಳ್ನ ಎಲ್ಲಿ ಹೋಗಿ ನೋಡ್ಲಿ?"

"ಆದ್ರೂ ಅದು ತಪ್ಪಲ್ವಾ ಅಮ್ಮಾ?"

"ತಪ್ಪೇ. ದೇವರು ಬಿದ್ದಾಗ ಸುಮ್ನೆ ನಿಂತಿರೋದು ಸರಿನಾ?"

ಆತ ಚಿಲ್ಲರೆ ಎಣಿಸಿ ಇಟ್ಟ. ಬ್ರೆಡ್ ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ವರ್ಷವಿಡೀ ದೊನಾತಾಳಿಗೆ ಅದೇ ಯೋಚನೆ. ಎಷ್ಟು ಬ್ರೆಡ್ ಸೀದವೋ, ತಿಂದ ನನಗೇ ಗೊತ್ತು.

ಈ ಶುಭ ಶುಕ್ರವಾರ ಹೊಸ ಪ್ರತಿ ಬಂತು. ದೊನಾತಾ ನನ್ನ ಕೈ ಹಿಡಿದು ಕುಳಿತಳು. ನಟ ಬಿದ್ದ. ಕೂಸು ಹಾರಿತು. ಯಾರೂ ನಗಲಿಲ್ಲ. ಹಳೆಯ ಪ್ರತಿಯ ಗೀರುಗಳಲ್ಲಿ ಮುಚ್ಚಿಹೋಗಿದ್ದದ್ದು ಈಗ ನಿಚ್ಚಳವಾಗಿ ಕಂಡಿತು: ತನ್ನ ಗುರುತು ಮುಗಿಸಿದ ಇಂಕೊರೊನಾತಾ, ಅದೇ ಬೆರಳಿನಿಂದ ಮಗಳ ಹಣೆಯ ಮೇಲೂ ಶಿಲುಬೆ ಬರೆದಿದ್ದಳು.

ಅರವತ್ತು ದಾಟಿದ ದೊನಾತಾ ಹಣೆ ಮುಟ್ಟಿ ನೋಡಿಕೊಂಡಳು.

"ಆ ಪುಣ್ಯಾತ್ಮ ತಣ್ಣಗಿರ್ಲಿ," ಎಂದಳು. "ನಮ್ಮವ್ವನ್ನ ತಿದ್ದಲಿಲ್ಲ ನೋಡು."